ಕ್ಷಯರೋಗವೂ ನಮ್ಮ ಸಂಸಾರವೂ

ತಿಪಟೂರಿನ ಕಡೆಯ ಬಿಳಿಗೆರೆಯಲ್ಲಾಗಲಿ, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಯಾವುದೇ ಹಳ್ಳಿಯಲ್ಲಾಗಲಿ, ತೆಂಗಿನ ತೋಟವುಳ್ಳವರ ಮನೆಯಲ್ಲಿ ಕಾಯಿ ತುಂಬಿದ ಅಟ್ಟವಿರುವುದು ನಿಮಗೆಲ್ಲ ತಿಳಿದ ಸಂಗತಿ. ಬಲಿತ ಕಾಯಿಯನ್ನು ಅಟ್ಟಕ್ಕೇರಿಸಿದ ರೈತನು ಎಂಟು ಹತ್ತು ತಿಂಗಳು, ಕೆಲವೊಮ್ಮೆ ವರ್ಷದವರೆಗೂ ಕಾಯುತ್ತಾನೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪನ್ನು ಬಿಟ್ಟು ಗಿಟುಕಾಗುವವರೆಗೆ ಅದನ್ನು ಇಳಿಸುವುದಿಲ್ಲ. ಅವಸರಪಟ್ಟು ಮೂರನೆಯ ತಿಂಗಳಿಗೇ ಇಳಿಸಿ ಒಡೆದರೆ ಕೈಗೆ ಬರುವುದು ಹಸಿ ತಿರುಳು. ಅದು ಬೂಷ್ಟು ಹಿಡಿದು ಕೆಡುತ್ತದೆ. ಪಟ್ಟ ಶ್ರಮವೆಲ್ಲ ವ್ಯರ್ಥವಾಗುತ್ತದೆ.

ಈ ತಾಳ್ಮೆಯನ್ನು ನಿಮಗೆ ಯಾರೂ ಕಲಿಸಬೇಕಾಗಿಲ್ಲ. ಕೊಬ್ಬರಿಗಾಗಿ ತೋರುವ ಇದೇ ತಾಳ್ಮೆಯನ್ನು ಮನೆಯವರ ಪ್ರಾಣ ಉಳಿಸುವುದಕ್ಕಾಗಿಯೂ ತೋರಬೇಕಾದ ಒಂದು ಸಂದರ್ಭವಿದೆ. ಅದು ಮನೆಯಲ್ಲಿ ಯಾರಿಗಾದರೂ ಕ್ಷಯರೋಗವು ಬಂದಾಗ. ಈ ರೋಗವನ್ನು ಬೇಗ ಕಂಡುಹಿಡಿದು, ಔಷಧಿಯನ್ನು ಕೊನೆಯ ದಿನದವರೆಗೂ ಸೇವಿಸಿದರೆ ಅದು ಗುಣವಾಗುತ್ತದೆ. ಆ ಕಾರ್ಯವು ಬಹುಮಟ್ಟಿಗೆ ಮನೆಯಲ್ಲಿಯೇ ನಡೆಯುವಂಥದು. ಆದುದರಿಂದ ಈ ಲೇಖನವನ್ನು ಗಂಡಹೆಂಡಿರಿಬ್ಬರೂ ಕೂಡಿ ಓದಬೇಕೆಂದು ಕೋರುತ್ತೇವೆ.

ಕ್ಷಯರೋಗವೆಂದರೇನು?

ಕ್ಷಯವು ಬರಿಗಣ್ಣಿಗೆ ಕಾಣದ ಒಂದು ರೋಗಾಣುವಿನಿಂದ ಉಂಟಾಗುವ ಅಂಟುರೋಗ. ಜರ್ಮನಿಯ ವೈದ್ಯ ರಾಬರ್ಟ್ ಕಾಕ್ ಎಂಬುವರು ಈ ರೋಗಾಣುವನ್ನು ಕಂಡುಹಿಡಿದ ಸಂಗತಿಯನ್ನು 1882ರ ಮಾರ್ಚ್ 24ರಂದು ಬರ್ಲಿನ್ ನಗರದಲ್ಲಿ ಪ್ರಕಟಿಸಿದರು. ಆ ದಿನವನ್ನು ಈಗ ಪ್ರತಿವರ್ಷವೂ ವಿಶ್ವ ಕ್ಷಯರೋಗ ದಿನವೆಂದು ಆಚರಿಸಲಾಗುತ್ತಿದೆ.

ಶ್ವಾಸಕೋಶದ ಕ್ಷಯವುಳ್ಳ ವ್ಯಕ್ತಿಯು ಕೆಮ್ಮಿದಾಗ, ಸೀನಿದಾಗ ಅಥವಾ ಗಟ್ಟಿಯಾಗಿ ಮಾತನಾಡಿದಾಗ ರೋಗಾಣುಗಳು ಅತಿ ಸೂಕ್ಷ್ಮವಾದ ತುಂತುರಿನೊಡನೆ ಗಾಳಿಗೆ ಸೇರುತ್ತವೆ. ಗಾಳಿಯಾಡದ ಕತ್ತಲೆಯ ಕೋಣೆಯಲ್ಲಿ ಅವು ಬಹಳ ಹೊತ್ತು ತೇಲುತ್ತಿರುತ್ತವೆ. ಆ ಗಾಳಿಯನ್ನು ಉಸಿರಾಡಿದವರ ಶ್ವಾಸಕೋಶವನ್ನು ಅವು ಪ್ರವೇಶಿಸಬಹುದು. ಒಂದೇ ಸೂರಿನಡಿ ದಿನವೂ ವಾಸಿಸುವ ಹೆಂಡತಿ, ಗಂಡ, ಮಕ್ಕಳು ಮತ್ತು ವೃದ್ಧರಿಗೆ ಈ ಅಪಾಯವು ಹೆಚ್ಚು. ಒಟ್ಟಿಗೆ ಉಣ್ಣುವುದರಿಂದಾಗಲಿ, ತಟ್ಟೆ ಲೋಟಗಳಿಂದಾಗಲಿ, ಬಟ್ಟೆಬರೆಗಳಿಂದಾಗಲಿ, ಕೈ ಮುಟ್ಟುವುದರಿಂದಾಗಲಿ ಕ್ಷಯವು ಹರಡುವುದಿಲ್ಲ.

ರೋಗಾಣುವು ದೇಹವನ್ನು ಹೊಕ್ಕ ಮಾತ್ರಕ್ಕೆ ಎಲ್ಲರಿಗೂ ರೋಗ ಬರುವುದಿಲ್ಲ. ಪ್ರಪಂಚದ ಜನರಲ್ಲಿ ಸುಮಾರು ನಾಲ್ಕರಲ್ಲೊಂದು ಭಾಗದವರ ದೇಹವನ್ನು ಈ ರೋಗಾಣುವು ಎಂದೋ ಒಮ್ಮೆ ಹೊಕ್ಕಿದೆಯೆಂದು ಅಂದಾಜು ಮಾಡಲಾಗಿದೆ. ಅಂಥವರಲ್ಲಿ ನೂರಕ್ಕೆ ಐದರಿಂದ ಹತ್ತು ಮಂದಿ ಮಾತ್ರ ತಮ್ಮ ಜೀವಮಾನದಲ್ಲಿ ರೋಗಿಗಳಾಗುತ್ತಾರೆ. ಉಳಿದವರಲ್ಲಿ ದೇಹದ ಬಲವು ರೋಗಾಣುವನ್ನು ಹತೋಟಿಯಲ್ಲಿಡುತ್ತದೆ. ಆಹಾರದ ಕೊರತೆ, ಸಕ್ಕರೆ ಕಾಯಿಲೆ, ಎಚ್‌.ಐ.ವಿ. ಸೋಂಕು, ಮದ್ಯಪಾನ ಮತ್ತು ಧೂಮಪಾನ ಇವು ಆ ಬಲವನ್ನು ಕುಗ್ಗಿಸುವ ಮುಖ್ಯ ಕಾರಣಗಳು. ರೋಗವು ಹೆಚ್ಚಾಗಿ ಶ್ವಾಸಕೋಶಕ್ಕೆ ತಗಲುತ್ತದೆ. ಕುತ್ತಿಗೆಯ ಗ್ರಂಥಿ, ಬೆನ್ನುಮೂಳೆ, ಮೆದುಳಿನ ಪೊರೆ, ಗರ್ಭಕೋಶ ಮೊದಲಾದ ಭಾಗಗಳಿಗೂ ತಗಲಬಹುದು.

ಕ್ಷಯವು ಪೂರ್ವಜನ್ಮದ ಪಾಪದ ಫಲವಲ್ಲ. ವಂಶಕ್ಕೆ ತಟ್ಟಿದ ಶಾಪವೂ ಅಲ್ಲ. ಇದು ಬಡವರನ್ನು ಹೆಚ್ಚಾಗಿ ಕಾಡುವುದು ನಿಜ. ಆದರೆ ಅರಮನೆಯನ್ನೂ ಇದು ಬಿಟ್ಟಿರಲಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಸಹೋದರಿ ಕೃಷ್ಣಾಜಮ್ಮಣ್ಣಿಯವರು ಈ ರೋಗಕ್ಕೆ ಬಲಿಯಾದರು. ಅವರ ಹೆಸರಿನಲ್ಲಿ ಮೈಸೂರಿನಲ್ಲಿ 1921ರಲ್ಲಿ ಕ್ಷಯರೋಗಿಗಳ ಆರೋಗ್ಯಧಾಮವು ಆರಂಭವಾಯಿತು. ಅಂದು ರೋಗವನ್ನು ಕೊಲ್ಲುವ ಔಷಧಿಯೇ ಇರಲಿಲ್ಲ. ಶುದ್ಧವಾದ ಗಾಳಿ, ವಿಶ್ರಾಂತಿ ಮತ್ತು ಒಳ್ಳೆಯ ಆಹಾರ ಇವಷ್ಟೇ ಚಿಕಿತ್ಸೆಯಾಗಿದ್ದವು. ಅಂದು ಅರಸು ಮನೆತನಕ್ಕೂ ದೊರೆಯದಿದ್ದ ಔಷಧಿಯು ಇಂದು ನಿಮ್ಮ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದ ಮೂಲಕ ಉಚಿತವಾಗಿ ದೊರೆಯುತ್ತದೆ.

ಪ್ರಪಂಚದ ಹೊರೆ, ಭಾರತದ ಪಾಲು

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2023ರ ಒಂದೇ ವರ್ಷದಲ್ಲಿ ಪ್ರಪಂಚದಲ್ಲಿ 1 ಕೋಟಿ 8 ಲಕ್ಷ ಜನರು ಹೊಸದಾಗಿ ಕ್ಷಯಕ್ಕೆ ತುತ್ತಾದರು. 12 ಲಕ್ಷ 50 ಸಾವಿರ ಜನರು ಮಡಿದರು. ರೋಗಕ್ಕೆ ತುತ್ತಾದ ಪ್ರತಿ ನೂರು ಮಂದಿಯಲ್ಲಿ 55 ಮಂದಿ ಗಂಡಸರು, 33 ಮಂದಿ ಹೆಂಗಸರು, 12 ಮಂದಿ ಮಕ್ಕಳು. ಎಂದರೆ ಸಂಸಾರದ ಯಾವ ಸದಸ್ಯರನ್ನೂ ಈ ರೋಗವು ಹೊರತುಪಡಿಸುವುದಿಲ್ಲ. ಆ ವರ್ಷದ ರೋಗಿಗಳಲ್ಲಿ ಸುಮಾರು 28 ಲಕ್ಷ ಮಂದಿ, ಎಂದರೆ ನಾಲ್ವರಲ್ಲಿ ಒಬ್ಬರಿಗಿಂತ ತುಸು ಹೆಚ್ಚು, ನಮ್ಮ ದೇಶದವರೇ ಆಗಿದ್ದರು. 1993ರಲ್ಲಿಯೇ ವಿಶ್ವ ಆರೋಗ್ಯ ಸಂಸ್ಥೆಯು ಕ್ಷಯವನ್ನು ಜಾಗತಿಕ ತುರ್ತು ಪರಿಸ್ಥಿತಿಯೆಂದು ಸಾರಿತ್ತು.

ಇಷ್ಟೊಂದು ದೊಡ್ಡ ಅಂಕಿಗಳನ್ನು ಕೇಳಿ ಧೈರ್ಯಗೆಡಬೇಕಾಗಿಲ್ಲ. ಭಾರತದಲ್ಲಿ 2015ರಲ್ಲಿ ಲಕ್ಷ ಜನಸಂಖ್ಯೆಗೆ 237 ಮಂದಿ ಹೊಸದಾಗಿ ರೋಗಿಗಳಾಗುತ್ತಿದ್ದರೆ, 2023ರ ವೇಳೆಗೆ ಆ ಸಂಖ್ಯೆಯು 195ಕ್ಕೆ ಇಳಿಯಿತು. ಪ್ರಪಂಚದ ರಾಷ್ಟ್ರಗಳು ಕ್ಷಯವನ್ನು ಕೊನೆಗಾಣಿಸಲು 2030ನ್ನು ಗಡುವಾಗಿ ಇಟ್ಟುಕೊಂಡಿದ್ದರೆ, ನಮ್ಮ ದೇಶವು 2025ನ್ನೇ ಗಡುವಾಗಿ ಘೋಷಿಸಿತ್ತು. ಆ ಗಡುವಿನೊಳಗೆ ಗುರಿ ಮುಟ್ಟಲಾಗಲಿಲ್ಲವಾದರೂ ಹೊರೆಯು ಇಳಿಯುತ್ತಿರುವುದು ನಿಜ. ಅದು ಇನ್ನೂ ಬೇಗ ಇಳಿಯಬೇಕಾದರೆ ಪ್ರತಿಯೊಂದು ಮನೆಯ ಕೆಮ್ಮೂ ಸಕಾಲದಲ್ಲಿ ಪರೀಕ್ಷೆಗೊಳಗಾಗಬೇಕು.

ನಿಮ್ಮ ಜಿಲ್ಲೆಯು ದೇಶಕ್ಕೆ ಕಲಿಸಿದ ಪಾಠ

ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು 1959ರಲ್ಲಿ ಸ್ಥಾಪಿತವಾಯಿತು. ಪ್ರಧಾನಮಂತ್ರಿ ಜವಾಹರಲಾಲ್ ನೆಹರೂ ಅವರು 1960ರ ಸೆಪ್ಟೆಂಬರ್‌ನಲ್ಲಿ ಅದನ್ನು ಉದ್ಘಾಟಿಸಿದರು. ಹಳ್ಳಿಗಳೇ ಹೆಚ್ಚಾಗಿರುವ ದೇಶದಲ್ಲಿ ಕ್ಷಯವನ್ನು ಹತೋಟಿಗೆ ತರುವ ಬಗೆ ಯಾವುದೆಂದು ತಿಳಿಯುವುದು ಅದರ ಕಾರ್ಯವಾಗಿತ್ತು. ಅದಕ್ಕಾಗಿ ಸಂಸ್ಥೆಯವರು ಮೊದಲು ಬಂದ ಸ್ಥಳಗಳಲ್ಲಿ ತುಮಕೂರು ಜಿಲ್ಲೆಯೂ ಒಂದು. 1960-61ರಲ್ಲಿ ಇಲ್ಲಿನ ಹಳ್ಳಿಗಳಲ್ಲಿಯೂ ಪಟ್ಟಣಗಳಲ್ಲಿಯೂ ರೋಗದ ಸಮೀಕ್ಷೆಯು ನಡೆಯಿತು. ಅನಂತರ ಸಂಸ್ಥೆಯ ಸಂಶೋಧಕರಾದ ಡಾ. ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಎಂಬುವರು, ರೋಗವಿದೆಯೆಂದು ಗೊತ್ತಾದವರನ್ನು ಅವರ ಮನೆಗಳಲ್ಲಿಯೇ ಭೇಟಿಯಾಗಿ ಮಾತನಾಡಿಸಿದರು. ಅದರ ಫಲಿತಾಂಶವು 1963ರಲ್ಲಿ ಪ್ರಕಟವಾಯಿತು.

ಹಳ್ಳಿಯ ಜನರು ಅಜ್ಞಾನಿಗಳು, ರೋಗವಿದ್ದರೂ ಅವರಿಗೆ ತಿಳಿಯುವುದಿಲ್ಲ, ತಿಳಿದರೂ ಆಸ್ಪತ್ರೆಗೆ ಬರುವುದಿಲ್ಲ ಎಂಬ ಭಾವನೆಯು ಆ ಕಾಲದ ವಿದ್ಯಾವಂತರಲ್ಲಿ ಸಾಮಾನ್ಯವಾಗಿತ್ತು. ತುಮಕೂರಿನ ಅಧ್ಯಯನವು ಅದನ್ನು ಸುಳ್ಳಾಗಿಸಿತು. ಕಫದಲ್ಲಿ ರೋಗಾಣುವಿದ್ದವರಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ತಮಗೆ ತೊಂದರೆಯಿರುವುದು ತಿಳಿದಿತ್ತು. ಮುಕ್ಕಾಲು ಪಾಲಿನಷ್ಟು ಜನರು ಅದರ ಬಗ್ಗೆ ಚಿಂತೆಗೊಳಗಾಗಿದ್ದರು. ಅರ್ಧಕ್ಕಿಂತ ಹೆಚ್ಚು ಮಂದಿ ತಾವಾಗಿಯೇ ಯಾವುದಾದರೊಂದು ಆಸ್ಪತ್ರೆಗೆ ಹೋಗಿಬಂದಿದ್ದರು. ಹಾಗೆ ಹೋದ ಬಹುಮಂದಿಗೆ ಅಲ್ಲಿ ದೊರೆತದ್ದು ಕೆಮ್ಮಿನ ಔಷಧಿಯ ಒಂದು ಸೀಸೆ ಮಾತ್ರ. ಅವರ ಕಫವನ್ನು ಪರೀಕ್ಷಿಸಿರಲಿಲ್ಲ.

ತಪ್ಪು ಜನರದ್ದಲ್ಲ, ವ್ಯವಸ್ಥೆಯದೆಂದು ಇದರಿಂದ ಸ್ಪಷ್ಟವಾಯಿತು. ಕ್ಷಯದ ಪತ್ತೆ ಮತ್ತು ಚಿಕಿತ್ಸೆಯನ್ನು ದೊಡ್ಡ ಊರುಗಳ ವಿಶೇಷ ಆಸ್ಪತ್ರೆಗಳಿಗಷ್ಟೇ ಬಿಡದೆ, ಹಳ್ಳಿಯ ಜನರು ಸಹಜವಾಗಿ ಹೋಗುವ ಸಾಮಾನ್ಯ ಆಸ್ಪತ್ರೆಗಳಲ್ಲಿಯೇ ಒದಗಿಸಬೇಕೆಂಬ ತತ್ತ್ವದ ಮೇಲೆ 1962ರಲ್ಲಿ ರಾಷ್ಟ್ರೀಯ ಕ್ಷಯರೋಗ ಕಾರ್ಯಕ್ರಮವು ರೂಪುಗೊಂಡಿತು. 1997ರಲ್ಲಿ ಅದನ್ನು ಪರಿಷ್ಕರಿಸಿ, 2006ರ ವೇಳೆಗೆ ಇಡೀ ದೇಶಕ್ಕೆ ವಿಸ್ತರಿಸಲಾಯಿತು. 2020ರಿಂದ ಅದು ರಾಷ್ಟ್ರೀಯ ಕ್ಷಯರೋಗ ನಿರ್ಮೂಲನಾ ಕಾರ್ಯಕ್ರಮವೆಂದು ಕರೆಯಲ್ಪಡುತ್ತಿದೆ.

ನಿಮ್ಮ ಹಿರಿಯರ ಅನುಭವದಿಂದ ದೊರೆತ ಈ ಪಾಠವನ್ನು ನೀವು ಇಂದಿಗೂ ಉಪಯೋಗಿಸಬಹುದು. ಎರಡು ವಾರ ಮೀರಿದ ಕೆಮ್ಮಿಗೆ ಬರಿಯ ಸೀಸೆ ಔಷಧಿ ಪಡೆದು ಹಿಂದಿರುಗಬೇಡಿರಿ. “ನನ್ನ ಕಫವನ್ನು ಪರೀಕ್ಷಿಸಿರಿ” ಎಂದು ಕೇಳಿರಿ. ಕೇಳುವುದು ನಿಮ್ಮ ಹಕ್ಕು. ಪರೀಕ್ಷೆಯು ಉಚಿತ.

ರೋಗವನ್ನು ಗುರುತಿಸುವ ಬಗೆ

ಒಂದು ಸಂಸಾರವನ್ನು ಊಹಿಸಿಕೊಳ್ಳಿರಿ. ಗಂಡನು ತೋಟದ ಕೆಲಸದೊಡನೆ ಕಾಯಿ ಸುಲಿಯುವ ಕೂಲಿಗೂ ಹೋಗುತ್ತಾನೆ. ಹೆಂಡತಿಯ ಮಡಿಲಲ್ಲಿ ಎಂಟು ತಿಂಗಳ ಕೂಸು. ಮನೆಯಲ್ಲಿ ಗಂಡನ ತಾಯಿಯೂ ಇದ್ದಾರೆ. ಗಂಡನಿಗೆ ಒಂದು ತಿಂಗಳಿಂದ ಕೆಮ್ಮು. ಮಟ್ಟೆಯ ಧೂಳಿನಿಂದ ಬಂದದ್ದೆಂದು ಅವನೂ, ಬೀಡಿಯಿಂದ ಬಂದದ್ದೆಂದು ತಾಯಿಯೂ ಹೇಳುತ್ತಾರೆ. ಸಂಜೆಯಾದರೆ ಅವನ ಮೈ ಬೆಚ್ಚಗಾಗುವುದನ್ನೂ, ರಾತ್ರಿ ಬೆವರಿ ಹಾಸಿಗೆ ಒದ್ದೆಯಾಗುವುದನ್ನೂ, ತಟ್ಟೆಯಲ್ಲಿ ಮುದ್ದೆ ಉಳಿಯುವುದನ್ನೂ, ಅಂಗಿ ಸಡಿಲವಾಗಿರುವುದನ್ನೂ ಮೊದಲು ಗಮನಿಸಿದವಳು ಹೆಂಡತಿ. “ರೀ, ಕಾಯಿ ಇಳಿಸುವ ಕೆಲಸ ಎರಡು ದಿನ ತಡವಾದರೂ ಚಿಂತೆಯಿಲ್ಲ, ಮೊದಲು ಆಸ್ಪತ್ರೆಗೆ ಹೋಗಿಬರೋಣ” ಎಂದು ಅವಳು ಅವನನ್ನು ಒಪ್ಪಿಸುತ್ತಾಳೆ.

ಅವಳು ಕಂಡವೆಲ್ಲವೂ ಕ್ಷಯದ ಲಕ್ಷಣಗಳೇ. ಎರಡು ವಾರ ಅಥವಾ ಅದಕ್ಕೂ ಹೆಚ್ಚು ಕಾಲದ ಕೆಮ್ಮು, ಸಂಜೆಯ ಜ್ವರ, ರಾತ್ರಿಯ ಬೆವರು, ಹಸಿವಿಲ್ಲದಿರುವುದು, ತೂಕ ಇಳಿಯುವುದು, ಎದೆನೋವು, ಕಫದಲ್ಲಿ ರಕ್ತ, ಕುತ್ತಿಗೆಯಲ್ಲಿ ಗಂಟು ಇವುಗಳಲ್ಲಿ ಒಂದು ಕಂಡರೂ ಪರೀಕ್ಷೆ ಮಾಡಿಸತಕ್ಕದ್ದು. ಎಲ್ಲ ಲಕ್ಷಣಗಳೂ ಒಟ್ಟಿಗೆ ಕಾಣುವವರೆಗೆ ಕಾಯಬಾರದು. ಕೆಲಸದ ಧೂಳಿನಿಂದ ಕೆಮ್ಮು ಬರುವುದುಂಟು. ಆದರೆ ಯಾವ ಕೆಮ್ಮು ಧೂಳಿನದು, ಯಾವುದು ಕ್ಷಯದ್ದು ಎಂಬುದನ್ನು ಮನೆಯಲ್ಲಿ ಕುಳಿತು ನಿರ್ಧರಿಸಲಾಗದು.

ಪರೀಕ್ಷೆಗೆ ಎಂಜಲನ್ನು ಕೊಟ್ಟರೆ ಪ್ರಯೋಜನವಿಲ್ಲ. ಬಾಯಿ ಮುಕ್ಕಳಿಸಿ, ಬಯಲಿನಲ್ಲಿ ನಿಂತು, ದೀರ್ಘವಾಗಿ ಉಸಿರೆಳೆದು ಎದೆಯಾಳದಿಂದ ಕೆಮ್ಮಿ ತೆಗೆದ ಕಫವನ್ನು ಕೊಡಬೇಕು. ಅದನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದಲ್ಲದೆ, ರೋಗಾಣುವಿನ ವಂಶಧಾತುವನ್ನೇ ಗುರುತಿಸುವ ಯಂತ್ರಗಳಲ್ಲಿಯೂ ಈಗ ಪರೀಕ್ಷಿಸುತ್ತಾರೆ. ಇಂಥ ಯಂತ್ರಗಳಲ್ಲಿ ಒಂದಾದ ಟ್ರೂನಾಟ್ ನಮ್ಮ ದೇಶದಲ್ಲಿಯೇ ರೂಪುಗೊಂಡದ್ದು. ಅದರ ಅಭಿವೃದ್ಧಿಯಲ್ಲಿ ಬೆಂಗಳೂರಿನ ಪ್ರಯೋಗಾಲಯವೊಂದರ ಪಾತ್ರವಿದೆ. ಮುಖ್ಯ ಔಷಧಿಗೆ ರೋಗಾಣುವು ಮಣಿಯುವುದೋ ಇಲ್ಲವೋ ಎಂಬುದನ್ನೂ ಇಂಥ ಪರೀಕ್ಷೆಗಳು ಕೆಲವೇ ಗಂಟೆಗಳಲ್ಲಿ ತಿಳಿಸುತ್ತವೆ. ಅಗತ್ಯವಿದ್ದರೆ ಎದೆಯ ಎಕ್ಸ್-ರೇ ತೆಗೆಯುತ್ತಾರೆ. ರೋಗವಿದೆಯೆಂದು ತಿಳಿದವರಿಗೆ ಸಕ್ಕರೆ ಕಾಯಿಲೆ ಮತ್ತು ಎಚ್‌.ಐ.ವಿ. ಪರೀಕ್ಷೆಗಳನ್ನೂ ಮಾಡುತ್ತಾರೆ.

ಮನೆಯೇ ಚಿಕಿತ್ಸಾಲಯ

ಗಂಡನಿಗೆ ಕ್ಷಯವಿದೆಯೆಂದು ಪರೀಕ್ಷೆಯಿಂದ ತಿಳಿಯಿತೆನ್ನಿರಿ. ತಾಯಿಯು ಗಾಬರಿಯಾಗಿ, ಸೊಸೆಯನ್ನೂ ಮಗುವನ್ನೂ ತವರಿಗೆ ಕಳುಹಿಸಬೇಕೆನ್ನುತ್ತಾರೆ. ರೋಗಿಯನ್ನು ದೂರದ ಆಸ್ಪತ್ರೆಯಲ್ಲಿಡಬೇಕೆಂದು ನೆರೆಯವರು ಹೇಳುತ್ತಾರೆ. ಇವೆರಡೂ ಸಾಮಾನ್ಯವಾಗಿ ಅನಗತ್ಯ.

ಇದಕ್ಕೆ ಗಟ್ಟಿಯಾದ ಆಧಾರವಿದೆ. 1956ರಲ್ಲಿ ಮದರಾಸಿನಲ್ಲಿ ಆರಂಭವಾದ ಒಂದು ಅಧ್ಯಯನದಲ್ಲಿ ಬಡ ಕುಟುಂಬಗಳ ರೋಗಿಗಳನ್ನು ಎರಡು ಗುಂಪಾಗಿ ವಿಂಗಡಿಸಲಾಯಿತು. ಒಂದು ಗುಂಪಿಗೆ ಆರೋಗ್ಯಧಾಮದಲ್ಲಿಯೂ, ಇನ್ನೊಂದು ಗುಂಪಿಗೆ ಅವರ ಮನೆಗಳಲ್ಲಿಯೂ ಒಂದೇ ಬಗೆಯ ಔಷಧಿಯನ್ನು ಒಂದು ವರ್ಷ ನೀಡಿದರು. ಆರೋಗ್ಯಧಾಮದವರಿಗೆ ಊಟ, ವಿಶ್ರಾಂತಿ ಮತ್ತು ಶುಶ್ರೂಷೆಗಳೆಲ್ಲ ಮೇಲ್ಮಟ್ಟದವಾಗಿದ್ದವು. ಆದರೂ 1959ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಕಿಕ್ಕಿರಿದ ಮನೆಗಳಲ್ಲಿದ್ದವರೂ ಹೆಚ್ಚುಕಡಿಮೆ ಅಷ್ಟೇ ಚೆನ್ನಾಗಿ ಗುಣವಾಗಿದ್ದರು. ರೋಗಿಯು ಮನೆಯಲ್ಲಿಯೇ ಇದ್ದುದರಿಂದ ಅವನ ಮನೆಯವರಿಗೆ ಹೆಚ್ಚಿನ ಅಪಾಯವೂ ಆಗಲಿಲ್ಲವೆಂದು ಮುಂದಿನ ವರ್ಷಗಳ ನಿಗಾದಿಂದ ತಿಳಿದುಬಂತು. ರೋಗಿಯನ್ನು ಮನೆಯಿಂದ ಹೊರಹಾಕುವ ಪದ್ಧತಿಯನ್ನು ಪ್ರಪಂಚವೇ ಕೈಬಿಡಲು ಈ ಅಧ್ಯಯನವು ಕಾರಣವಾಯಿತು.

ಸರಿಯಾದ ಔಷಧಿಯು ಆರಂಭವಾದ ಕೆಲವೇ ವಾರಗಳಲ್ಲಿ ರೋಗವನ್ನು ಹರಡುವ ಶಕ್ತಿಯು ಬಹುವಾಗಿ ಕುಗ್ಗುತ್ತದೆ. ಅಲ್ಲಿಯವರೆಗೆ ರೋಗಿಯು ಗಾಳಿ ಬೆಳಕುಳ್ಳ ಕಡೆ ಬೇರೆ ಮಲಗಲಿ. ಕೆಮ್ಮುವಾಗ ಬಾಯಿಗೆ ಬಟ್ಟೆ ಹಿಡಿಯಲಿ. ಮುಚ್ಚಳವಿರುವ ಡಬ್ಬಿಯಲ್ಲಿ ಉಗುಳಲಿ. ಕಿಟಕಿ ಬಾಗಿಲುಗಳನ್ನು ತೆರೆದಿಡಿರಿ. ಕಾಯಿ, ಮಟ್ಟೆ, ಮೂಟೆಗಳನ್ನು ಕಿಟಕಿಗೆ ಅಡ್ಡವಾಗಿ ಪೇರಿಸಬೇಡಿರಿ. ಹೊಗೆಯು ಮಲಗುವ ಕಡೆ ತುಂಬದಂತೆ ನೋಡಿಕೊಳ್ಳಿರಿ.

ಆರು ತಿಂಗಳು ಏಕೆ ಬೇಕು?

ಶ್ವಾಸಕೋಶದ ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಚಿಕಿತ್ಸೆ. ಮೊದಲ ಎರಡು ತಿಂಗಳು ನಾಲ್ಕು ಔಷಧಿಗಳು, ಮುಂದಿನ ನಾಲ್ಕು ತಿಂಗಳು ಮೂರು ಔಷಧಿಗಳು. ಇವುಗಳನ್ನು ಒಂದೇ ಮಾತ್ರೆಯಲ್ಲಿ ಸೇರಿಸಿ, ರೋಗಿಯ ತೂಕಕ್ಕೆ ತಕ್ಕಂತೆ ಪ್ರತಿದಿನ ಕೊಡಲಾಗುತ್ತದೆ. ಮೆದುಳು, ಮೂಳೆಗಳ ಕ್ಷಯಕ್ಕೆ ಹೆಚ್ಚು ಕಾಲ ಬೇಕಾಗುತ್ತದೆ. ಹಿಂದೆ ಎಲ್ಲರಿಗೂ ಒಂದು ವರ್ಷದಿಂದ ಒಂದೂವರೆ ವರ್ಷದವರೆಗೆ ಔಷಧಿ ಬೇಕಾಗುತ್ತಿತ್ತು. ರಿಫಾಂಪಿಸಿನ್ ಎಂಬ ಔಷಧಿಯು ಬಂದ ಮೇಲೆ ಈ ಅವಧಿಯು ಕಡಿಮೆಯಾಯಿತು.

ಮೊದಲ ವಾರಗಳಲ್ಲಿಯೇ ಬಹುಪಾಲು ರೋಗಾಣುಗಳು ಸಾಯುತ್ತವೆ. ಜ್ವರ ಬಿಡುತ್ತದೆ, ಹಸಿವು ಮರಳುತ್ತದೆ, ತೂಕ ಏರುತ್ತದೆ. ಆದರೆ ಕೆಲವು ರೋಗಾಣುಗಳು ನಿದ್ರಿಸುವಂತೆ ಅಡಗಿರುತ್ತವೆ. ಅವು ನಿಧಾನವಾಗಿ ಸಾಯುವಂಥವು. ನಾವು ಊಹಿಸಿದ ಸಂಸಾರದ ಗಂಡನು ಎರಡನೆಯ ತಿಂಗಳು ಮುಗಿಯುವ ಹೊತ್ತಿಗೆ ಮೈ ತುಂಬಿಕೊಂಡು, “ಇನ್ನೇನು, ವಾಸಿಯಾಯಿತಲ್ಲ, ಮಾತ್ರೆ ಸಾಕು” ಎನ್ನುತ್ತಾನೆ. ಬಹಳಷ್ಟು ಮಂದಿ ಔಷಧಿ ಬಿಡುವುದು ಈ ಹಂತದಲ್ಲಿಯೇ. ಅವನ ಹೆಂಡತಿಯು ಮಾತನಾಡದೆ ಅಟ್ಟದ ಕಡೆ ಕೈ ತೋರಿಸಿದರೆ ಸಾಕು. ಹೊರಗಿನಿಂದ ನೋಡಿದರೆ ಮೂರು ತಿಂಗಳ ಕಾಯಿಯೂ ಹತ್ತು ತಿಂಗಳ ಕಾಯಿಯೂ ಒಂದೇ ತೆರ. ಒಳಗು ಒಣಗಿದೆಯೇ ಎಂಬುದು ಮುಖ್ಯ.

ಅರ್ಧಕ್ಕೆ ಔಷಧಿ ಬಿಟ್ಟರೆ ಅಡಗಿದ್ದ ರೋಗಾಣುಗಳು ಮತ್ತೆ ಹೆಚ್ಚುತ್ತವೆ. ಮನಬಂದಂತೆ ಬಿಟ್ಟು ಬಿಟ್ಟು ಸೇವಿಸಿದರೆ ಅವು ಔಷಧಿಗೆ ಮಣಿಯದಂತಾಗಬಹುದು. ಆಗ ಬೇರೆ ಔಷಧಿಗಳು ಬೇಕಾಗುತ್ತವೆ. ಅವುಗಳಿಂದ ಆಗುವ ತೊಂದರೆಯೂ ಹೆಚ್ಚು. ಅಂಥ ರೋಗಿಯಿಂದ ಮನೆಯವರಿಗೆ ಅಂಟುವುದೂ ಔಷಧಿಗೆ ಮಣಿಯದ ರೋಗಾಣುವೇ.

ಔಷಧಿಯಿಂದ ಮೂತ್ರವು ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಇದರಿಂದ ಹೆದರಬೇಕಾಗಿಲ್ಲ. ಆದರೆ ಕಣ್ಣು ಹಳದಿಯಾಗುವುದು, ಬಿಡದ ವಾಂತಿ, ದೃಷ್ಟಿ ಮಸುಕಾಗುವುದು, ಮೈಮೇಲೆ ದದ್ದು ಏಳುವುದು, ಕೈಕಾಲು ಜೋಮು ಹಿಡಿಯುವುದು ಇವು ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸಿರಿ. ಔಷಧಿಯನ್ನು ನಿಲ್ಲಿಸುವ ಅಥವಾ ಬದಲಾಯಿಸುವ ತೀರ್ಮಾನವು ಅವರದಾಗಿರಲಿ.

ದಂಪತಿಗಳಿಗೆ ವಿಶೇಷ ಸೂಚನೆಗಳು

ಕ್ಷಯವು ದಾಂಪತ್ಯ ಸಂಬಂಧದ ಮೂಲಕ ಅಂಟುವ ರೋಗವಲ್ಲ, ಉಸಿರಿನ ಮೂಲಕ ಅಂಟುವ ರೋಗ. ಆದುದರಿಂದ ಆರಂಭದ ಕೆಲವು ವಾರಗಳ ಎಚ್ಚರಿಕೆಯು ಸಾಕು.

ಹೆಂಡತಿಯು ಕ್ಷಯದ ಔಷಧಿಯನ್ನು ಸೇವಿಸುತ್ತಿರುವಾಗ ಗರ್ಭಧಾರಣೆಯನ್ನು ಮುಂದೂಡುವುದು ಮೇಲು. ಆದರೆ ಒಂದು ಮಾತನ್ನು ಅವಶ್ಯವಾಗಿ ನೆನಪಿಡಿರಿ. ರಿಫಾಂಪಿಸಿನ್ ಔಷಧಿಯು ಮಾಲಾ-ಎನ್ ಮೊದಲಾದ ಗರ್ಭನಿರೋಧಕ ಮಾತ್ರೆಗಳ ಶಕ್ತಿಯನ್ನು ಕುಗ್ಗಿಸುತ್ತದೆ. ಮಾತ್ರೆಯನ್ನು ತಪ್ಪದೆ ನುಂಗುತ್ತಿದ್ದರೂ ಗರ್ಭ ನಿಲ್ಲಬಹುದು. ಆದುದರಿಂದ ಆ ಅವಧಿಯಲ್ಲಿಯೂ, ಔಷಧಿ ಮುಗಿದ ಬಳಿಕ ಒಂದು ತಿಂಗಳವರೆಗೂ ನಿರೋಧನ್ನಾಗಲಿ, ವೈದ್ಯರ ಸಲಹೆಯಂತೆ ವಂಕಿಯನ್ನಾಗಲಿ ಬಳಸಿರಿ. ನೀವು ಬಳಸುತ್ತಿರುವ ವಿಧಾನವು ಯಾವುದೆಂಬುದನ್ನು ಚಿಕಿತ್ಸೆಯ ಮೊದಲ ದಿನವೇ ಸಂಕೋಚವಿಲ್ಲದೆ ಆರೋಗ್ಯ ಸಹಾಯಕಿಗೆ ತಿಳಿಸಿರಿ.

ಗರ್ಭಿಣಿಗೆ ಕ್ಷಯವಿರುವುದು ತಿಳಿದುಬಂದರೂ ಹೆದರಬೇಕಾಗಿಲ್ಲ. ಸಾಮಾನ್ಯವಾಗಿ ಕೊಡುವ ಮಾತ್ರೆಗಳನ್ನು ಗರ್ಭಿಣಿಯು ವೈದ್ಯರ ನಿಗಾದಲ್ಲಿ ಸೇವಿಸಬಹುದು. ಚಿಕಿತ್ಸೆಯಿಲ್ಲದ ರೋಗದಿಂದ ತಾಯಿಗೂ ಮಗುವಿಗೂ ಅಪಾಯವು ಹೆಚ್ಚು. ತಾನು ಗರ್ಭಿಣಿಯೆಂಬುದನ್ನು ವೈದ್ಯರಿಗೆ ಹೇಳುವುದು ಮಾತ್ರ ಅತ್ಯಗತ್ಯ, ಏಕೆಂದರೆ ಸ್ಟ್ರೆಪ್ಟೊಮೈಸಿನ್ ಚುಚ್ಚುಮದ್ದಿನಂಥ ಕೆಲವು ಔಷಧಿಗಳನ್ನು ಅವಳಿಗೆ ಕೊಡಬಾರದು. ಔಷಧಿ ಸೇವಿಸುತ್ತಿರುವ ಬಾಣಂತಿಯು ಬಾಯಿಗೆ ಬಟ್ಟೆ ಕಟ್ಟಿಕೊಂಡು ಮಗುವಿಗೆ ಎದೆಹಾಲನ್ನು ಕೊಡಬಹುದು. ಹಾಲಿನಿಂದ ರೋಗವು ಹರಡುವುದಿಲ್ಲ.

ಮಕ್ಕಳಾಗದಿರುವುದಕ್ಕೆ ಗರ್ಭಕೋಶದ ಅಥವಾ ಗರ್ಭನಾಳದ ಕ್ಷಯವೂ ಒಂದು ಕಾರಣವಾಗಿರಬಹುದು. ಆಗ ಕೆಮ್ಮೇ ಇಲ್ಲದಿರಬಹುದು. ಅಂಥ ಹೆಣ್ಣುಮಗಳನ್ನು ದೂಷಿಸುವುದು ಅನ್ಯಾಯ. ದಂಪತಿಗಳಿಬ್ಬರೂ ಒಟ್ಟಾಗಿ ವೈದ್ಯರನ್ನು ಕಾಣುವುದು ವಿವೇಕ. ಹಾಗೆಯೇ, ಗಂಡನಿಗೆ ಕ್ಷಯ ಬಂದಾಗ ಹೆಂಡತಿಯು ಶುಶ್ರೂಷೆ ಮಾಡುವಳಾದರೆ, ಹೆಂಡತಿಗೆ ಬಂದಾಗ ಗಂಡನೂ ಅದನ್ನೇ ಮಾಡತಕ್ಕದ್ದು. ಅವಳನ್ನು ತವರಿಗೆ ಕಳುಹಿಸಿ ಕೈತೊಳೆದುಕೊಳ್ಳುವುದು ಸಂಸಾರ ಧರ್ಮವಲ್ಲ.

ಮಕ್ಕಳ ರಕ್ಷಣೆ

ಹುಟ್ಟಿದ ಕೂಡಲೇ ಹಾಕಿಸುವ ಬಿ.ಸಿ.ಜಿ. ಚುಚ್ಚುಮದ್ದು ಎಳೆಯ ಮಕ್ಕಳನ್ನು ಮೆದುಳಿನ ಪೊರೆಯ ಕ್ಷಯದಂಥ ಘೋರ ರೂಪಗಳಿಂದ ಕಾಪಾಡುತ್ತದೆ. ಆದರೆ ದೊಡ್ಡವರಾದ ಮೇಲೆ ಬರಬಹುದಾದ ಶ್ವಾಸಕೋಶದ ಕ್ಷಯವನ್ನು ಅದು ನಂಬಿಕೆಯಿಂದ ತಡೆಯಲಾರದು. ಆದುದರಿಂದ ಮನೆಯಲ್ಲಿ ಒಬ್ಬರಿಗೆ ಶ್ವಾಸಕೋಶದ ಕ್ಷಯವು ಬಂದರೆ ಉಳಿದವರೆಲ್ಲರೂ ಪರೀಕ್ಷೆಗೊಳಗಾಗಬೇಕು. ರೋಗವಿಲ್ಲವೆಂದು ಖಚಿತವಾದವರಿಗೆ, ಮುಂದೆ ಅದು ತಲೆದೋರದಂತೆ ತಡೆಯುವ ಮಾತ್ರೆಗಳನ್ನು ಉಚಿತವಾಗಿ ಕೊಡುತ್ತಾರೆ. ಐದು ವರ್ಷದೊಳಗಿನ ಮಕ್ಕಳಿಗೆ ಇದು ತೀರಾ ಅವಶ್ಯಕ. ನಮ್ಮ ಸಂಸಾರದ ಎಂಟು ತಿಂಗಳ ಕೂಸಿನ ವಿಷಯದಲ್ಲಿ ಮೊದಲು ಆಗಬೇಕಾದ ಕೆಲಸವೇ ಇದು. “ಮಗು ಆಟವಾಡಿಕೊಂಡು ಚೆನ್ನಾಗಿದೆಯಲ್ಲ, ಅದಕ್ಕೇಕೆ ಮಾತ್ರೆ?” ಎಂದು ಅಜ್ಜಿ ಕೇಳಿದರೆ, “ಚೆನ್ನಾಗಿರುವಾಗಲೇ ಕೊಡಬೇಕಾದ ಮಾತ್ರೆ ಇದು, ಅತ್ತೆ” ಎಂದು ಸೊಸೆಯು ಸಮಾಧಾನ ಹೇಳಲಿ.

ಔಷಧಿಯೊಡನೆ ಅನ್ನವೂ ಬೇಕು

ಆಹಾರವು ಔಷಧಿಗೆ ಬದಲಾಗಲಾರದು. ಆದರೆ ಅರೆಹೊಟ್ಟೆಯ ದೇಹದಲ್ಲಿ ಔಷಧಿಯ ಕೆಲಸವು ಕಷ್ಟ. ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ ಮತ್ತು ಅವರ ಸಂಗಡಿಗರು ಜಾರ್ಖಂಡ್ ರಾಜ್ಯದಲ್ಲಿ ನಡೆಸಿದ ಅಧ್ಯಯನದ ಫಲಿತಾಂಶವು 2023ರಲ್ಲಿ ಪ್ರಕಟವಾಯಿತು. ರೋಗಿಗಳ ಮನೆಯವರಿಗೆ ಪ್ರತಿ ತಿಂಗಳೂ ಹೆಚ್ಚುವರಿ ದವಸಧಾನ್ಯಗಳನ್ನು ಕೊಟ್ಟಾಗ, ಅವರಲ್ಲಿ ಹೊಸದಾಗಿ ಕ್ಷಯ ಬರುವುದು ನೂರಕ್ಕೆ 39ರಷ್ಟು ಕಡಿಮೆಯಾಯಿತು. ಮೊದಲ ತಿಂಗಳುಗಳಲ್ಲಿ ತೂಕ ಹೆಚ್ಚಿಸಿಕೊಂಡ ರೋಗಿಗಳಲ್ಲಿ ಸಾವುಗಳೂ ಕಡಿಮೆಯಾದವು.

ಇದಕ್ಕೆ ದುಬಾರಿ ಪದಾರ್ಥಗಳೇನೂ ಬೇಕಾಗಿಲ್ಲ. ರಾಗಿ ಮುದ್ದೆ, ಹುರುಳಿ, ಅವರೆ, ತೊಗರಿ, ಕಡಲೆಕಾಯಿ, ಸೊಪ್ಪು, ಹಾಲು, ಮೊಟ್ಟೆ ಇವೆಲ್ಲ ನಿಮ್ಮ ಸೀಮೆಯ ಆಹಾರಗಳೇ. ಮೊಳಕೆ ಕಟ್ಟಿದ ಕಾಳೂ ಒಳ್ಳೆಯದು. ಮನೆಯವರೆಲ್ಲ ಉಂಡ ಬಳಿಕ ಉಳಿದುದನ್ನು ಉಣ್ಣುವ ರೂಢಿಯುಳ್ಳ ಹೆಂಗಸರು, ತಾವು ರೋಗಿಗಳಾದಾಗಲಾದರೂ ಮೊದಲು ಉಣ್ಣಲಿ. ಬೀಡಿ ಮತ್ತು ಮದ್ಯಗಳನ್ನು ಬಿಡತಕ್ಕದ್ದು.

ಚಿಕಿತ್ಸೆಯ ಅವಧಿಯಲ್ಲಿ ರೋಗಿಯ ಆಹಾರಕ್ಕೆಂದು ಸರ್ಕಾರವು 2018ರಿಂದ ತಿಂಗಳಿಗೆ 500 ರೂಪಾಯಿಗಳನ್ನು ಕೊಡುತ್ತಿತ್ತು. 2024ರ ನವೆಂಬರ್‌ನಿಂದ ಅದನ್ನು 1000 ರೂಪಾಯಿಗಳಿಗೆ ಹೆಚ್ಚಿಸಲಾಗಿದೆ. ಹಣವು ನೇರವಾಗಿ ಬ್ಯಾಂಕಿನ ಖಾತೆಗೆ ಜಮೆಯಾಗುವುದರಿಂದ ಹೆಸರು ನೋಂದಾಯಿಸುವಾಗ ಖಾತೆಯ ವಿವರಗಳನ್ನು ಕೊಡಿರಿ. ಸಂಶಯವಿದ್ದಲ್ಲಿ ಆಶಾ ಕಾರ್ಯಕರ್ತೆಯನ್ನು ಕೇಳಿರಿ, ಅಥವಾ 1800-11-6666 ಎಂಬ ಉಚಿತ ದೂರವಾಣಿಗೆ ಕರೆ ಮಾಡಿರಿ.

ಕೊನೆಯ ಮಾತು

ಅರವತ್ತು ವರ್ಷಗಳ ಹಿಂದೆ ನಿಮ್ಮ ಜಿಲ್ಲೆಯ ರೋಗಿಗಳು ಆಸ್ಪತ್ರೆಯ ಬಾಗಿಲಿಗೆ ಬಂದು, ಕೆಮ್ಮಿನ ಸೀಸೆಯನ್ನು ಹಿಡಿದು ಹಿಂದಿರುಗಿದ್ದರು. ಇಂದು ಪರೀಕ್ಷೆಯಿದೆ, ಔಷಧಿಯಿದೆ, ಆಹಾರಕ್ಕೆ ನೆರವಿದೆ. ಉಳಿದಿರುವುದು ಎರಡು ಕೆಲಸಗಳು. ಕೆಮ್ಮು ಎರಡು ವಾರ ದಾಟಿದರೆ ಮುಚ್ಚಿಡದೆ ಕಫ ಪರೀಕ್ಷೆ ಮಾಡಿಸುವುದು ಒಂದು. ಔಷಧಿಯನ್ನು ಆರಂಭಿಸಿದರೆ ಒಂದು ದಿನವೂ ತಪ್ಪದೆ ಕೊನೆ ಮುಟ್ಟಿಸುವುದು ಇನ್ನೊಂದು. ಗಂಡನ ಮಾತ್ರೆಯನ್ನು ಹೆಂಡತಿಯೂ, ಹೆಂಡತಿಯ ಮಾತ್ರೆಯನ್ನು ಗಂಡನೂ ದಿನವೂ ನೆನಪಿನಿಂದ ಕೈಗೆ ಕೊಟ್ಟರೆ ಇವೆರಡೂ ಸುಲಭವಾಗಿ ನಡೆಯುತ್ತವೆ.

ಇಂದು ಅಟ್ಟಕ್ಕೇರಿಸಿದ ಕಾಯಿಯು ಕೊಬ್ಬರಿಯಾಗಿ ತಿಪಟೂರಿನ ಮಾರುಕಟ್ಟೆಗೆ ಹೊರಡುವುದಕ್ಕೆ ಮೊದಲೇ, ಇಂದು ಔಷಧಿ ಆರಂಭಿಸಿದ ರೋಗಿಯು ಗುಣಹೊಂದಿ ತೋಟದ ಕೆಲಸಕ್ಕೆ ಮರಳಬಹುದು.